ಪಕ್ಷಗಳ ವಿಸರ್ಜನೆ

ಗೋಕಾಕಿನ ಕಾಲೇಜೊಂದರಲ್ಲಿ ನಾನು ಜಪಾನಿನ ಇತಿಹಾಸ ಹೇಳುತ್ತೇನೆ. ಸಮ್ರಾಟರ ಕಾಲದ ಸಂಸತ್ತು, ಚುನಾವಣೆ, ಪಕ್ಷಗಳ ಜಗಳ, ಇಷ್ಟೇ ನನ್ನ ಬಂಡವಾಳ. ಸಹೋದ್ಯೋಗಿಗಳು ಚಹಾ ಕುಡಿಯುತ್ತ, “ಏನ್ರಿ ಸರ, ಜಪಾನದಾಗ ಈ ಸಲ ಯಾರ ಸರಕಾರ?” ಎಂದು ಕಾಲೆಳೆಯುತ್ತಾರೆ. ನಗುತ್ತೇನೆ, ಒಳಗೆ ಉರಿಯುತ್ತದೆ.

ಐಚ್ಛಿಕ ವಿಷಯ. ಈ ವರ್ಷ ಅದನ್ನು ಆರಿಸಿಕೊಂಡವಳು ಒಬ್ಬಳೇ, ಕೌಜಲಗಿಯಿಂದ ಬಸ್ಸಿನಲ್ಲಿ ಬರುವ ಕುರಿಗಾರರ ಮನೆಯ ಹುಡುಗಿ. ಅವಳೂ ಬಿಟ್ಟರೆ ನನ್ನ ಪಾಠ ಮುಚ್ಚಿದಂತೆ. ಹುಕ್ಕೇರಿ ಬಿಟ್ಟು ಬಂದು ಇಲ್ಲಿ ಬಾಡಿಗೆ ಖೋಲಿಯಲ್ಲಿ ಒಬ್ಬನೇ ಇರುವವನು ನಾನು, ಮದುವೆಯಾಗಲಿಲ್ಲ. ದಿನದಲ್ಲಿ ನಾನು ಬಾಯಿತುಂಬ ಮಾತಾಡುತ್ತಿದ್ದುದು ಆ ಒಂದು ತಾಸು ಮಾತ್ರ.

ಮೊದಲು ಹೆಚ್ಚು ತೆರಿಗೆ ಕಟ್ಟುವ ಗಂಡಸರಿಗಷ್ಟೇ ಮತವಿತ್ತು, ಆಮೇಲೆ ವಯಸ್ಸಿಗೆ ಬಂದ ಗಂಡಸರಿಗೆಲ್ಲ ಸಿಕ್ಕಿತು, ಹೆಂಗಸರಿಗೆ ಯುದ್ಧ ಮುಗಿಯುವವರೆಗೂ ಸಿಗಲಿಲ್ಲ ಎಂದೆಲ್ಲ ಹೇಳಿ ಮುಗಿಸಿದ್ದೆ. ಕೊನೆಗೆ ಎರಡನೇ ಮಹಾಯುದ್ಧದ ದಿನಗಳಲ್ಲಿ ಪಕ್ಷಗಳು ಒಂದೊಂದಾಗಿ ತಾವಾಗಿಯೇ ಬಾಗಿಲು ಮುಚ್ಚಿಕೊಂಡ ಪಾಠ ಬಂತು. ಬೋರ್ಡಿನ ಮೇಲೆ ‘ಪಕ್ಷಗಳ ವಿಸರ್ಜನೆ’ ಎಂದು ಬರೆದೆ.

“ಮತ್ತ ಯಾವಾಗ ಬರ್ತಾವ್ರಿ ಸರ?” ಎಂದಳು.

“ಏನ್ ಬರೋದವಾ?” ಎಂದೆ.

“ಗಣಪತಿ ವಿಸರ್ಜನಾ ಮಾಡಿದ್ರ ಬರೋ ವರ್ಷ ಮತ್ತ ಬರ್ತಾನಲ್ರಿ.”

ಜೋರಾಗಿ ನಕ್ಕುಬಿಟ್ಟೆ. ಅವಳ ಮುಖ ಸಣ್ಣದಾಯಿತು. ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ ಮುರಿಯುವಾಗ ಹೊಳೆಯಿತು: ಅವಳು ಹೇಳಿದ್ದು ಖರೆ. ಯುದ್ಧ ಮುಗಿದ ಮೇಲೆ ಹಳೆಯ ಮುಖಂಡರೇ ಹೊಸ ಹೆಸರಿನ ಪಕ್ಷ ಕಟ್ಟಿಕೊಂಡು ತಿರುಗಿ ಬಂದಿದ್ದರು. ಇಷ್ಟು ವರ್ಷ ಪಾಠ ಮಾಡಿದರೂ ನನಗೆ ಅದನ್ನು ಹೀಗೆ ಹೇಳಲು ತೋಚಿರಲಿಲ್ಲ. ಯಾರಿಗಾದರೂ ಹೇಳಬೇಕೆನಿಸಿತು. ಬಡಿಸುವ ಅಕ್ಕನಿಗೆ ಹೇಳಲು ಬಾಯಿ ತೆರೆದೆ. “ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?” ಎಂದಳು. ಹಾಕಿಸಿಕೊಂಡೆ.

ಮರುದಿನ ಅದನ್ನೇ ಪಾಠ ಮಾಡಲು ನಾಲ್ಕು ಹಾಳೆ ಬರೆದುಕೊಂಡು ಹೋದೆ. ಹುಡುಗಿ ವಿಷಯ ಬದಲಿಸುವ ಅರ್ಜಿ ಹಿಡಿದು ನಿಂತಿದ್ದಳು. ನನ್ನ ಸಹಿ ಬೇಕಿತ್ತು.

“ನಿನ್ನೆ ನಾ ನಕ್ಕಿದ್ದಕ್ಕ ಸಿಟ್ಟ ಬಂತೇನವಾ?”

“ಇಲ್ರಿ ಸರ. ಖರೆ ಹೇಳ್ತೇನ್ರಿ, ಮೊದಲನೇ ವಾರದಾಗನ ಬಿಡಾಕ ಬಂದಿದ್ದೆ. ಗೆಳತ್ಯಾರೆಲ್ಲ ಬ್ಯಾರೆ ಕ್ಲಾಸಿನ್ಯಾಗ ಅದಾರ. ನಾನೂ ಬಿಟ್ರ ನೀವೊಬ್ಬರ ಕೂಡ್ತೀರಿ ಅಂತ ಬರಾಕತ್ತಿದ್ದೆರಿ. ಈಗ ಒಬ್ಬಾಕಿನ ಕೂತು ಸಾಕಾಗೇತ್ರಿ.”

ಇಷ್ಟು ದಿನ ಅವಳಿಗೆ ಜಪಾನಿನ ರುಚಿ ಹತ್ತಿದೆ ಎಂದೇ ನಂಬಿದ್ದೆ. ನಾಚಿಕೆಯಾಯಿತು. ಸಹಿ ಹಾಕಿ ಅರ್ಜಿ ಕೊಟ್ಟೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡಳು.

“ಇವತ್ತಿಂದೊಂದ್ ಪಾಠ ಕೇಳಿ ಹೋಗ್ತೀಯೇನು?” ಎಂದೆ.

ಗೆಳತಿಯರು ಬಾಗಿಲಲ್ಲಿ ಕಾಯುತ್ತಿದ್ದರು. ಅವರಿಗೆ ಹೋಗಿರೆಂದು ಕೈ ಮಾಡಿ, ಮೊದಲ ಬೆಂಚಿನಲ್ಲಿ ಕೂತು ಪೂರ್ತಿ ತಾಸು ಕೇಳಿದಳು. ಯಾಕೆ ಕೂತಿದ್ದಾಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕೂ ಹಾಳೆ ಓದಿದೆ.