ಎಡ್ನಾ ಟೀಚರಿಗೆ ಬಿದ್ದ ಚೂರುಗಳು

ಕಿನ್ನಿಗೋಳಿಯ ಎಡ್ನಾ ಲೋಬೊ ದೋಹಾದ ಒಂದು ಭಾರತೀಯ ಶಾಲೆಯಲ್ಲಿ ಇತಿಹಾಸ ಕಲಿಸುತ್ತಲೇ ತಲೆ ನರೆಸಿಕೊಂಡವರು. ಗಂಡ ತೀರಿಹೋದ ಮೇಲೂ ಬಿನ್ ಒಮ್ರಾನ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಉಳಿದದ್ದು ಪಾಠದ ಆಸೆಗೆ. ಗ್ರೀಸ್ ಎಂದರೆ ಅವರಿಗೆ ಪ್ರಾಣ. ಪೋಲಿಸ್ ಎಂದರೆ ನಗರರಾಜ್ಯ, ಅಗೋರಾ ಎಂದರೆ ಸಂತೆಯೂ ಸಭೆಯೂ ನಡೆಯುವ ಬಯಲು ಎಂದು ಪ್ರತಿವರ್ಷವೂ ಹೊಸ ಸುದ್ದಿಯಂತೆ ಹೇಳುತ್ತಿದ್ದರು.

ಈ ವರ್ಷ ಅಥೆನ್ಸಿನ ಗಡೀಪಾರು ಪದ್ಧತಿಯನ್ನು ಮಕ್ಕಳಿಂದ ಆಡಿಸಿ ತೋರಿಸುವ ಮನಸ್ಸಾಯಿತು. ಅಲ್ಲಿನ ಜನ ತಮಗೆ ಬೇಡವಾದವನ ಹೆಸರನ್ನು ಮಡಕೆಯ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರು. ಸಾಕಷ್ಟು ಚೂರು ಬಿದ್ದರೆ, ತಪ್ಪು ಮಾಡದವನೂ ಊರು ಬಿಡಬೇಕಿತ್ತು. ನ್ಯಾಯವಂತನೆಂದು ಹೆಸರಾದ ಅರಿಸ್ಟೈಡೀಸ್‌ನನ್ನೂ ಹೀಗೆಯೇ ಅಟ್ಟಿದ್ದರು. ಎಡ್ನಾ ಹೂಕುಂಡ ಒಡೆದು, ಮಕ್ಕಳ ಕೈ ಕುಯ್ಯದಂತೆ ಚೂರಿನ ಅಂಚು ಉಜ್ಜಿ ತಂದರು. ಪಾಠದಲ್ಲಿ ಬರುವ ಯಾರಾದರೊಬ್ಬರ ಹೆಸರು ಬರೆಯಿರಿ ಎಂದರು.

ಮೊದಲ ಚೂರನ್ನೆತ್ತಿ ಓದಿದರು. ಎಡ್ನಾ ಮಿಸ್. ಎರಡನೆಯದೂ ಅದೇ. ಎಣಿಕೆ ಎಲ್ಲರೆದುರು ನಡೆಯಬೇಕೆಂದು ತಾವೇ ಹೇಳಿದ್ದರಿಂದ ನಿಲ್ಲಿಸಲಾಗಲಿಲ್ಲ. ಪ್ರತಿ ಸಲವೂ ತರಗತಿ ಮೇಜು ಬಡಿದು ನಕ್ಕಿತು. ಒಂದು ಚೂರಿನ ಅಕ್ಷರದ ಗುರುತು ಸಿಕ್ಕಿತು. ಕಾಮಾಲೆಯಾಗಿ ಮಲಗಿದ್ದಾಗ ಅವರೇ ಮನೆಗೆ ಹೋಗಿ ಪಾಠ ಹೇಳಿಕೊಟ್ಟಿದ್ದ ಮೋಕ್ಷಾಳದು.

"ನಾನು ನಿನಗೇನು ಮಾಡಿದ್ದೇನೆ ಮಗಾ?"

"ಏನೂ ಇಲ್ಲ ಮಿಸ್. ಎಲ್ಲರೂ ಬರೆದ್ರು. ಜಸ್ಟ್ ಫನ್."

ಯಾರೋ ಫೋನಿನಲ್ಲಿ ಇದನ್ನೆಲ್ಲ ಹಿಡಿದಿದ್ದರು. ಸಂಜೆಗೆ ವಿಡಿಯೋ ಪೋಷಕರ ಗುಂಪುಗಳಲ್ಲಿ ಓಡಾಡಿತು. ಮರುದಿನ ಸೂಪರ್‌ವೈಸರ್ ಧನಂಜಯ ಕರೆಸಿದರು.

"ಮಕ್ಕಳೇ ಬೇಡ ಅಂದ್ಮೇಲೆ ಏನ್ ಮಾಡೋದು ಮೇಡಂ? ಕಾಂಟ್ರ್ಯಾಕ್ಟ್ ರಿನ್ಯೂ ಆಗಲ್ಲ."

"ಅದು ಆಟ ಸರ್. ಆಡಿಸಿದ್ದೇ ನಾನು."

"ಗೊತ್ತು. ಆದ್ರೂ ವೋಟು ವೋಟೇ ಅಲ್ವಾ?" ಎಂದು ಧನಂಜಯ ನಕ್ಕರು. ಎಡ್ನಾ ಜಾಗಕ್ಕೆ ಆರಿಸಿದ್ದ ಹುಡುಗಿ ಆಗಲೇ ಹೊರಗೆ ಕಾಯುತ್ತಿದ್ದಳು.

ಹೊರಡುವ ವಾರ ಮೋಕ್ಷಾಳ ತಾಯಿ ಅಶ್ವಿತಾ ಫೋನ್ ಮಾಡಿದಳು. "ಟೀಚರೇ, ಹೋಗುವ ಮೊದಲು ಸಾಕ್ರಟೀಸ್‌ನ ಪಾಠ ಒಮ್ಮೆ ಹೇಳಿಕೊಡ್ತೀರಾ? ಪರೀಕ್ಷೆಗೆ ಬರ್ತದಂತೆ. ಬೇರೆಯವರು ಹೇಳಿದ್ರೆ ಇವಳ ತಲೆಗೆ ಹೋಗುದಿಲ್ಲ."

ಇಲ್ಲವೆನ್ನಲು ಎಡ್ನಾಗೆ ಬಾಯಿ ಬರಲಿಲ್ಲ. ಹೋದರು. ಬಹುಮತದಿಂದ ಸಾಕ್ರಟೀಸ್‌ಗೆ ಸಾವಿನ ತೀರ್ಪಾದದ್ದನ್ನೂ, ಶಿಷ್ಯರೆದುರೇ ಅವನು ವಿಷ ಕುಡಿದದ್ದನ್ನೂ ಹೇಳಿದರು. ಮೋಕ್ಷಾ ಬರೆದುಕೊಂಡು ಕೇಳಿದಳು:

"ಇಷ್ಟು ಬರೆದ್ರೆ ಫುಲ್ ಮಾರ್ಕ್ಸ್ ಸಿಗ್ತದಾ ಮಿಸ್?"

"ಸಿಗ್ತದೆ."

ವಿಮಾನ ನಿಲ್ದಾಣಕ್ಕೆ ಬಿಡಲು ಶಾಲೆಯಿಂದ ಯಾರೂ ಬರಲಿಲ್ಲ. ರಜೆಗೆ ಊರಿಗಾ ಎಂದು ಟ್ಯಾಕ್ಸಿಯವನು ಕೇಳಿದ. ಎಡ್ನಾ ಹೌದೆಂದರು.