ಬೆಕ್ಕನ್ನು ಯಾರೂ ನೋಡಲಿಲ್ಲ

ನಮ್ಮ ಮನೆಯಲ್ಲಿ ನನ್ನ ಫೋಟೋಗಳಿಗಿಂತ ಬೆಕ್ಕಿನ ಫೋಟೋಗಳೇ ಹೆಚ್ಚು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಬೆಕ್ಕಿಗೆ ಫೋಟೋ ತೆಗೆಸಿಕೊಳ್ಳಲು ಬರುತ್ತಿತ್ತು, ನನಗೆ ಬರುವುದಿಲ್ಲ, ಅಷ್ಟೇ. ಮೊಬೈಲು ಎದುರಿಗೆ ಬಂದರೆ ಸಾಕು, ಅದು ಕಣ್ಣು ಅರ್ಧ ಮುಚ್ಚಿ, ಬಾಲವನ್ನು ಕಾಲಿಗೆ ಸುತ್ತಿಕೊಂಡು, ಪಂಚಾಯಿತಿಗೆ ಕೂತ ಹಿರಿಯರ ಹಾಗೆ ಕೂಡುತ್ತಿತ್ತು. ನಾನಾದರೆ ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು ಎಂದು ತಿಳಿಯದೆ ಸೆರಗನ್ನು ಹಣೆಯ ಮೇಲೆ ಎಳೆದುಕೊಳ್ಳುತ್ತೇನೆ. ಹಾಗೆ ಎಳೆದ ಸೆರಗು ಎಲ್ಲ ಫೋಟೋಗಳಲ್ಲೂ ಬಹಳ ಚೆನ್ನಾಗಿ ಬಂದಿದೆ. ಇಳಕಲ್ಲಿನ ನೇಕಾರರ ಮನೆಯ ಸೆರಗು, ಚೆನ್ನಾಗಿ ಬರದೆ ಏನು.

ಇದು ಇಂದು ನಿನ್ನೆಯ ರೋಗವಲ್ಲ. ಊರ ಸಾಲೆಯಲ್ಲಿ ಏಳನೇ ಇಯತ್ತೆ ಮುಗಿದಾಗ ಒಂದು ಗುಂಪು ಫೋಟೋ ತೆಗೆಸಿದ್ದರು. ನನಗಿಂತ ಒಂದು ಗೇಣು ಎತ್ತರದ ಹುಡುಗಿಯ ಹಿಂದೆ ನಾನು ನಿಂತಿದ್ದೆ. ಈಗಲೂ ಆ ಫೋಟೋದಲ್ಲಿ ನನ್ನ ಒಂದು ಕಿವಿ ಕಾಣುತ್ತದೆ. ಮದುವೆಯ ಫೋಟೋದಲ್ಲಿ ತಲೆ ತಗ್ಗಿಸಿದ್ದು ಹೆಚ್ಚಾಗಿ ಬೈತಲೆ ಮಾತ್ರ ಬಂದಿದೆ. ನಿಮ್ಮ ಅಜ್ಜ ಇರುವತನಕ ಅದನ್ನು ಬಂದವರಿಗೆಲ್ಲ ತೋರಿಸಿ, "ನೋಡ್ರಿ, ನಾ ಒಂದು ಸೀರಿ ಜೋಡಿ ಲಗ್ನ ಆಗೇನಿ" ಎಂದು ನಗುತ್ತಿದ್ದರು.

ನೀವು ಮೊಮ್ಮಕ್ಕಳು ಹಾಗಲ್ಲ. ತಿಂದ ಉಪ್ಪಿಟ್ಟು, ಹತ್ತಿದ ಗುಡ್ಡ, ಕತ್ತರಿಸಿದ ಕೇಕು, ಕತ್ತರಿಸಿಕೊಂಡ ಕೂದಲು ಎಲ್ಲವನ್ನೂ ಹಾಕುತ್ತೀರಿ. ಮೊದಮೊದಲು ದೃಷ್ಟಿಯಾದೀತೆಂದು ಹೆದರಿ, ಸಂಜೆ ನಿಮ್ಮ ಹೆಸರು ಹೇಳಿ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕುತ್ತಿದ್ದೆ. ನೀವು ಫೋಟೋ ಹಾಕುವ ವೇಗಕ್ಕೆ ನನ್ನ ಮೆಣಸಿನಕಾಯಿ ಸಾಲಲಿಲ್ಲ. ಬಿಟ್ಟುಬಿಟ್ಟೆ. ಒಮ್ಮೆ ನಿಮ್ಮ ಜೊತೆ ಬಾದಾಮಿಯ ಗುಹೆಗಳಿಗೆ ಹೋದಾಗ ಕಂಬದ ಮೇಲಿನ ಗಂಡಹೆಂಡಿರ ಜೋಡಿಗಳನ್ನು ನೋಡಿ ಯೋಚನೆ ಬಂತು. ಒಬ್ಬಳು ಗಿಡದ ಕೆಳಗೆ ಗಂಡನ ಹೆಗಲಿಗೆ ಒರಗಿ ನಿಂತಿದ್ದಾಳೆ. ಅವಳನ್ನು ಯಾರಾದರೂ ಕೇಳಿದ್ದರೇ, ತಾಯಿ, ನಿನ್ನನ್ನು ಹೀಗೆ ಎಲ್ಲರೂ ನೋಡುವಲ್ಲಿ ಇಡಬಹುದೇ ಎಂದು? ಅಂದಿನಿಂದ ನಿಂತಿದ್ದಾಳೆ, ಬಸ್ಸು ತುಂಬ ಬಂದ ಮಂದಿ ನೋಡುತ್ತಲೇ ಇದ್ದಾರೆ. ಅಳಿಸಲು ಬರುವುದಿಲ್ಲ. ಅವಳಿಗೆ ಹೋಲಿಸಿದರೆ ನಿಮ್ಮ ಸ್ಟೇಟಸ್ಸು ಮರುದಿನಕ್ಕೆ ತಾನೇ ಹೋಗುತ್ತದೆ. ಅಷ್ಟರಲ್ಲಿ ಏನಾದೀತು ಎಂದುಕೊಂಡಿದ್ದೆ.

ಏನಾದೀತು ಎಂಬುದನ್ನೇ ಈಗ ಬರೆಯಲು ಕುಳಿತಿದ್ದೇನೆ. ಆ ದಿನ ನಿಮ್ಮಲ್ಲಿ ಹೆಚ್ಚಿನವರು ಇಲ್ಲಿರಲಿಲ್ಲ. ಇದ್ದವಳು ಒಬ್ಬಳು. ಹೆಸರು ಹೇಳಿದರೆ ಅವಳಿಗೆ ಸಿಟ್ಟು ಬರುತ್ತದೆ, ಆದ್ದರಿಂದ ಅಕ್ಷತಾ ಎಂದು ಮೆಲ್ಲಗೆ ಹೇಳಿ ಮುಂದೆ ಹೋಗುತ್ತೇನೆ.

ನಮ್ಮ ಬೆಕ್ಕಿನ ಹೆಸರು ಜರಿ. ಬೆನ್ನ ಮೇಲೆ ಹಳದಿ ಗೆರೆ ಇದ್ದುದರಿಂದ ಆ ಹೆಸರು. ನೂಲು ಕಡಿಯುವ ಇಲಿಗಳನ್ನು ಹಿಡಿಯಲಿ ಎಂದು ತಂದದ್ದು, ಇಲಿಯನ್ನು ಬಿಟ್ಟು ನೂಲನ್ನೇ ಹಿಡಿಯಿತು. ನಾನು ರಾಟೆಯ ಮುಂದೆ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರೆ ತೊಡೆಯ ಮೇಲೆ ಮಲಗುತ್ತಿತ್ತು. ವಯಸ್ಸಾಗಿತ್ತು. ಒಂದು ಬೆಳಿಗ್ಗೆ, ನೇಯುವವರು ಕಾಲು ಇಳಿಬಿಡುವ ಮಗ್ಗದ ಕುಣಿಯ ಪಕ್ಕ ಮಲಗಿದ್ದು ಏಳಲಿಲ್ಲ. ಹಿತ್ತಲಿನ ಬೇವಿನ ಗಿಡದ ಕೆಳಗೆ ಮಣ್ಣು ಮಾಡಿದೆವು. ಕಾಲೇಜಿಗೆ ರಜೆ ಎಂದು ಬಾಗಲಕೋಟೆಯಿಂದ ಬಂದಿದ್ದ ಅಕ್ಷತಾ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು, ಸ್ಟೇಟಸ್ ಹಾಕಿ, ಮೊಬೈಲನ್ನು ಚಾರ್ಜಿಗೆ ಇಟ್ಟು ಜಳಕಕ್ಕೆ ಹೋದಳು.

ಅವಳು ಹಾಕಿದ ಫೋಟೋದಲ್ಲಿ ನಾನು ಕಂಡಿಕೆ ಸುತ್ತುತ್ತಿದ್ದೇನೆ, ಜರಿ ನನ್ನ ತೊಡೆಯ ಮೇಲಿದೆ. ಕೆಳಗೆ ಬರೆದದ್ದು, "ನೀನಿಲ್ಲದ ಮನಿ ಖಾಲಿ ಖಾಲಿ." ಅದರ ಮುಂದೆ ಒಡೆದ ಹೃದಯ, ಒಂದು ಬಿಳಿ ಪಾರಿವಾಳ, ಜೋಡಿಸಿದ ಎರಡು ಕೈ. ಈ ಜೋಡಿಸಿದ ಕೈಯ ಬಗ್ಗೆ ನನ್ನದೊಂದು ದೂರು ಇದೆ. ನಮಸ್ಕಾರಕ್ಕೂ ಅದೇ, ಉಪಕಾರವಾಯಿತು ಎನ್ನಲೂ ಅದೇ, ತಪ್ಪಾಯಿತು ಎನ್ನಲೂ ಅದೇ, ಯಾರಾದರೂ ತೀರಿಕೊಂಡರೂ ಅದೇ. ಇನ್ನು ಫೋಟೋದ ಮಾತು. ನಮ್ಮ ಕಡೆ ತಲೆ ಬೆಳ್ಳಗಾದ ಒಬ್ಬರನ್ನೇ ಸ್ಟೇಟಸ್ಸಿಗೆ ಹಾಕುವುದು ಯಾವಾಗ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬೆಕ್ಕು ಇತ್ತಲ್ಲ ಎನ್ನುತ್ತೀರಿ. ಸೆರಗಿನ ನೆರಿಗೆಯಲ್ಲಿ ಮುದುಡಿ ಮಲಗಿದ್ದ ಅದು ನೂಲಿನ ಗಂಟಿನ ಹಾಗೆ ಕಾಣುತ್ತಿತ್ತು. ಅದನ್ನು ಯಾರು ನೋಡುತ್ತಾರೆ?

ಮೊಬೈಲು ಬಡಿದುಕೊಳ್ಳತೊಡಗಿತು. ಸಾಮಾನ್ಯವಾಗಿ ನಾನು ಪರರ ಫೋನು ಎತ್ತುವುದಿಲ್ಲ, ನನ್ನದನ್ನೇ ಎತ್ತುವುದು ಕಡಿಮೆ. ಆದರೆ ಅದು ಬಿಡಲೇ ಇಲ್ಲ. ಎತ್ತಿದೆ.

"ನಾವು ಬಾದಾಮಿಯಿಂದ್ರಿ. ಮಣ್ಣು ಎಷ್ಟೊತ್ತಿಗೆ ಅಂತ ಕೇಳಾಕ ಫೋನ್ ಹಚ್ಚೀನಿ."

ಬೆಕ್ಕಿನ ಮಣ್ಣಿಗೆ ಬಾದಾಮಿಯಿಂದ ಬರುವವರಿದ್ದಾರೆಯೇ ಎಂದು ನನಗೆ ಹೃದಯ ತುಂಬಿ ಬಂತು. "ಆಗಲೇ ಆತ್ರಿ, ಹಿತ್ತಲದಾಗ ಮಾಡಿದ್ವಿ" ಎಂದೆ.

"ಹಿತ್ತಲದಾಗ?" ಆ ಕಡೆಯವರ ದನಿ ನಡುಗಿತು. "ಯಾಕ್ರಿ ಹಂಗ? ಪಾಪ, ನೀಲವ್ವಾರು ಭಾಳ ಛಲೋ ಹೆಣಮಗಳು. ಎದರ ನಿಂತು ಮಾತಾಡಿದಾಕಿ ಅಲ್ಲ."

"ನೀಲವ್ವ ಅಂದ್ರ ನಾನ ರೀ" ಎಂದೆ, ಆದಷ್ಟು ಸಣ್ಣ ದನಿಯಲ್ಲಿ.

"ರಾಂಗ್ ನಂಬರ್ ಆತ್ರಿ" ಎಂದು ಆ ಕಡೆಯವರು ಫೋನು ಇಟ್ಟುಬಿಟ್ಟರು.

ಹಸಿ ತಲೆಯಲ್ಲೇ ಓಡಿ ಬಂದ ಅಕ್ಷತಾ ಮೊಬೈಲು ಕಸಿದುಕೊಂಡಳು. ಸ್ಟೇಟಸ್ಸನ್ನೇನೋ ಅಳಿಸಿದಳು. ಅಷ್ಟರಲ್ಲಿ ಅದು ನಮ್ಮ ಬಳಗದ ಗುಂಪಿಗೆ ಹೋಗಿತ್ತು. ಯಾರೋ ಪುಣ್ಯಾತ್ಮರು ಬೆಕ್ಕನ್ನು ಪೂರಾ ಕತ್ತರಿಸಿ, ನನ್ನ ಸುತ್ತ ಗುಲಾಬಿ ಹೂವಿನ ಚೌಕಟ್ಟು ಹಾಕಿ, ಕೆಳಗೊಂದು ದೀಪ ಹಚ್ಚಿದ್ದರು. ನಿಜ ಹೇಳಬೇಕೆಂದರೆ ಆ ಫೋಟೋ ಚೆನ್ನಾಗಿತ್ತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಬಂದಿರಲಿಲ್ಲ. ಗುಂಪಿನಲ್ಲಿ ನನ್ನ ಬಗ್ಗೆ ಬಂದ ಮಾತುಗಳೂ ಚೆನ್ನಾಗಿದ್ದವು, ಹುನಗುಂದದ ಒಬ್ಬರಂತೂ ನಾನು ಮಾಡುತ್ತಿದ್ದ ಎಣ್ಣೆಗಾಯಿಯನ್ನು ನೆನೆದಿದ್ದರು. ಓದುತ್ತ ಕೂಡಬೇಕೆನಿಸಿತು. ಆದರೆ ಕೊನೆಯಲ್ಲಿ ಒಂದು ಸಾಲು ಕಂಡಿತು: "ನಾವು ಗುಡೂರಿನಿಂದ ಹೊರಟಿದ್ದೇವೆ." ಬರೆದವಳು ಶೋಭಾ, ನಮ್ಮ ಅಕ್ಕನ ಸೊಸೆ.

ನಮ್ಮ ಅಕ್ಕ ಹೋದ ವರ್ಷ ದವಾಖಾನೆಯಲ್ಲಿ ಎದೆಗೆ ಸ್ಟೆಂಟು ಹಾಕಿಸಿಕೊಂಡು ಬಂದವಳು. ಗಾಬರಿಯಾಗುವ ಸುದ್ದಿಯನ್ನು ಒಮ್ಮೆಲೇ ಹೇಳಬೇಡಿರಿ ಎಂದು ಡಾಕ್ಟರು ಮನೆಮಂದಿಗೆಲ್ಲ ಹೇಳಿ ಕಳಿಸಿದ್ದರು. ಶೋಭಾಳಿಗೆ ಫೋನು ಹಚ್ಚಿದರೆ ಸ್ವಿಚ್ ಆಫ್. ಮತ್ತೆ ಹಚ್ಚಿದರೆ ಮತ್ತೆ ಅದೇ. ಅಕ್ಕನ ಮನೆಗೆ ಹಚ್ಚಿದಾಗ ಪಕ್ಕದವರು ಎತ್ತಿ ಹೇಳಿದರು. "ಶೋಭಕ್ಕ ತನ್ನ ಅತ್ತಿಯವ್ರಿಗೆ ಖರೇ ಹೇಳಿಲ್ರಿ. ಇಳಕಲ್ಲ ಸಣ್ಣತ್ತಿಯವ್ರಿಗೆ ಆರಾಮಿಲ್ಲ, ನೋಡಿ ಬರೂಣು ಅಂತ ಕರಕೊಂಡು ಹೋಗ್ಯಾರ. ದಾರ್ಯಾಗ ಯಾರರೆ ಫೋನ್ ಮಾಡಿ ಅತ್ತಾರು ಅಂತ ಬಂದ್ ಮಾಡ್ಯಾರ."

ಎಂಥ ಬುದ್ಧಿವಂತ ಹುಡುಗಿ ನೋಡಿ. ಸುಳ್ಳು ಸುದ್ದಿ ಒಳಗೆ ಬರದಂತೆ ಮುಚ್ಚಿದ ಬಾಗಿಲಿನಿಂದ ಖರೇ ಸುದ್ದಿಯೂ ಒಳಗೆ ಹೋಗದಂತಾಯಿತು. ಈಗ ಅಕ್ಕ ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಾಳೆ. ಅಲ್ಲಿ ನಮ್ಮ ಓಣಿಯವರು ಯಾರಾದರೂ ಇದ್ದೇ ಇರುತ್ತಾರೆ. "ಹಿಂಗಾಗಬಾರದಿತ್ತವ್ವ" ಎಂದು ಕೈ ಹಿಡಿದುಕೊಂಡರೆ ಮುಗಿಯಿತು.

"ಆಯಿ, ನಾ ಹೋಗಿ ಹೇಳ್ತೇನಿ" ಎಂದಳು ಅಕ್ಷತಾ.

"ನಿನ್ನ ಅತ್ತ ಮಾರಿ ನೋಡಿದ್ರ ಆಕಿ ಏನಂತ ತಿಳಕೋತಾಳ? ನಾನ ಬರ್ತೇನಿ ನಡಿ" ಎಂದೆ.

ಹೀಗೆ, ಮನೆಯ ಕಟ್ಟೆಯ ಮೇಲೂ ತಲೆ ತಗ್ಗಿಸಿ ಕೂಡುವ ನಾನು, ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಒಳಗೆ ಬರುವ ಕಡೆ, ನಡುಬಿಸಿಲಿನಲ್ಲಿ, ತಲೆಯ ಮೇಲಿನ ಸೆರಗನ್ನು ಹೆಗಲಿಗೆ ಇಳಿಸಿ ನಿಂತೆ. ಕಿಟಕಿಯಿಂದಲೇ ಅಕ್ಕನಿಗೆ ನನ್ನ ಮುಖ ಕಾಣಬೇಕು, ಮೊದಲು ನಾನೇ ಕಾಣಬೇಕು. ಹೋಗುವ ಬರುವ ಮಂದಿಯೆಲ್ಲ ನೋಡಿದರು. ನೋಡಲಿ ಎಂದು ನಿಂತೆ. ಅಷ್ಟರಲ್ಲಿ ನಮ್ಮ ಹಿಂದಿನ ಓಣಿಯ ಸಾವಂತ್ರವ್ವ ಹೂವಿನ ಅಂಗಡಿಯಿಂದ ದೊಡ್ಡದೊಂದು ಹಾರ ಹಿಡಿದು ಬಂದವಳು ನನ್ನನ್ನು ನೋಡಿ ಗಕ್ಕನೆ ನಿಂತಳು.

"ಯವ್ವಾ! ನೀಲಕ್ಕಾ! ನಾ ನಿಮ್ಮ ಮನಿಗೇ ಹೊಂಟಿದ್ದೆ!"

"ಬಾರವಾ. ಆದ್ರ ನಾ ಇಲ್ಲೇ ಅದೀನಿ."

ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕಾಲಿನ ಕಡೆ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು, ದೆವ್ವಗಳ ಹಾಗೆ ಹಿಮ್ಮಡಿ ಹಿಂದೆ ಮುಂದೆ ಆಗಿದೆಯೇ ಎಂದು ಇರಬೇಕು. ಖಾತ್ರಿಯಾದ ಮೇಲೆ ಹಾರವನ್ನು ನೋಡಿ, "ಇದನ್ನೇನ ಮಾಡ್ಲಿ? ಅಂಗಡ್ಯಾಂವ ತಿರುಗಿ ತಗೊಳ್ಳಾಂಗಿಲ್ಲ" ಎಂದಳು.

"ಹಣಮಪ್ಪಗ ಹಾಕ್ರಿ" ಎಂದಳು ಅಕ್ಷತಾ. ಸಾವಂತ್ರವ್ವ ತಲೆದೂಗಿ ಹೋದಳು, ಸ್ವಲ್ಪ ನಿರಾಸೆಯಾದಂತೆಯೂ ಕಂಡಿತು.

ಗುಡೂರಿನ ಬಸ್ಸು ಬಂತು. ಅಕ್ಕ ಮೆಲ್ಲಗೆ, ಬಗಲಲ್ಲೊಂದು ಚೀಲ ಅವಚಿಕೊಂಡು ಇಳಿದಳು. ನಾನು ಓಡಿ ಮುಂದೆ ನಿಂತೆ. ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮುಂಗೈ ಹಿಡಿದುಕೊಂಡು ಬಯ್ಯಲು ಶುರು ಮಾಡಿದಳು.

"ಆರಾಮಿಲ್ಲ ಅಂದ್ರು, ಬಿಸಿಲಾಗ ಬಂದು ನಿಂತೀಯಲ್ಲ? ತಲಿ ಮ್ಯಾಲ ಸೆರಗೂ ಇಲ್ಲ! ವಯಸ್ಸಾಗಿದ್ದು ತಲಿಗಷ್ಟ ಏನು, ಬುದ್ಧಿಗಿಲ್ಲ?"

ಅವಳ ಎದೆಗೆ ಏನೂ ಆಗಲಿಲ್ಲ. ಆದದ್ದು ಹಿಂದೆ ಇಳಿಯುತ್ತಿದ್ದ ಶೋಭಾಳಿಗೆ. ನನ್ನನ್ನು ನೋಡಿ, "ಸಣ್ಣತ್ತೀ" ಎಂದು ಬಸ್ಸಿನ ಮೆಟ್ಟಿಲ ಮೇಲೇ ಕುಸಿದು ಕೂತು ಅಳಲು ಹತ್ತಿದಳು. ಕಂಡಕ್ಟರು, "ಅಕ್ಕಾರ, ಇಳಿದು ಅಳ್ರಿ, ಗಾಡಿ ತಿರುಗಿಸಬೇಕು" ಎಂದ.

"ಆರಾಮಿಲ್ಲದಾಕಿ ನಿಂತಾಳ, ಆರಾಮಿದ್ದಾಕಿ ಬಿದ್ದಾಳ" ಎಂದಳು ಅಕ್ಕ.

ಆಟೋದಲ್ಲಿ ಮನೆಗೆ ಬಂದೆವು. ಅಕ್ಕ ನನ್ನ ಮುಂಗೈಯನ್ನು ಮನೆಯತನಕ ಬಿಡಲಿಲ್ಲ. ಮೊಣಕಾಲು ನೋವು, ಆಸರೆಗೆ ಹಿಡಿದಿದ್ದಾಳೆ ಎಂದುಕೊಂಡೆ. ನೀರು ಕುಡಿದಳು, ಚಹಾ ಕುಡಿದಳು, ಅಕ್ಷತಾ ಅಳುತ್ತ ಹೇಳಿದ ಕಥೆಯನ್ನೆಲ್ಲ ಕೇಳಿದಳು. ಕೇಳಿ, ಚೀಲ ತೆರೆದು ಒಂದು ಹೊಸ ಸೀರೆ ತೆಗೆದು ನನ್ನ ತೊಡೆಯ ಮೇಲಿಟ್ಟಳು.

ನಮ್ಮಲ್ಲಿ ಹೆಣ್ಣುಮಗಳು ತೀರಿಕೊಂಡರೆ ತವರಿನವರು ಒಂದು ಸೀರೆ ತಂದು ಹೊದಿಸಬೇಕು. ನನ್ನ ತವರಿನಲ್ಲಿ ಈಗ ಉಳಿದವಳು ಅಕ್ಕ ಒಬ್ಬಳೇ.

"ನಾ ನಿಮಗ ಹೇಳಿದ್ದಿಲ್ಲಲ್ಲರಿ ಅತ್ತಿ!" ಎಂದಳು ಶೋಭಾ.

"ನೀ ಹೇಳಲಿಲ್ಲ. ಆರಾಮಿಲ್ಲದವರನ್ನ ನೋಡಾಕ ಹೋಗೋರು ಹಣ್ಣು ತಗೋತಾರ. ನೀ ಬಾಳಿಹಣ್ಣಿನ ಗಾಡಿ ಮುಂದ ಹಾದು ಬಂದ್ರೂ ತಿರುಗಿ ನೋಡಲಿಲ್ಲ. ಫೋನ್ ಬ್ಯಾರೆ ಬಂದ್ ಮಾಡಿದಿ. ನಾ ಏನ ತೊಟ್ಟಲಾಗಿನ ಕೂಸೇನು?"

"ಮತ್ತ ಬಸ್ಸಿನಾಗ ಒಂದ ಹನಿ ಕಣ್ಣೀರು ಹಾಕಲಿಲ್ಲ ನೀವು!"

"ಮಾರಿ ನೋಡೂತನಕ ಅಳಬಾರದು ಅಂತ ಗಟ್ಟಿಯಾಗಿ ಕುಂತಿದ್ದೆ. ಸುಳ್ಳಾಗಿದ್ರ ಅತ್ತದ್ದು ದಂಡ ಅಲ್ಲೇನು?"

ಸೀರೆಯನ್ನು ನೋಡಿದೆ. ನವಿಲುಗರಿ ಬಣ್ಣ, ಕೆಂಪು ಸೆರಗು. ಗುರುತು ಹತ್ತಿತು. ನಮ್ಮ ಮಗ್ಗದ್ದೇ, ಅಕ್ಕ ಹೊಸ ಮನೆ ಕಟ್ಟಿಸಿದಾಗ ನಾನೇ ಕೊಟ್ಟದ್ದು.

"ಹೌದು, ನಿಂದ" ಎಂದಳು ಅಕ್ಕ. "ಗಡಿಬಿಡ್ಯಾಗ ಟ್ರಂಕು ತಗದ್ರ ಮ್ಯಾಲ ಇದ ಇತ್ತು. ಈಗ ಎದ್ದು ಉಟ್ಕೋ."

ಉಟ್ಟುಕೊಂಡು ಬಂದೆ. ಮಡಿಕೆಯ ಗೆರೆಗಳು ಬಿಡದೆ ಸೀರೆ ಸೆಟೆದು ನಿಂತಿತ್ತು. ಅಕ್ಕ ಒಂದು ಸುತ್ತು ತಿರುಗಿಸಿ ನೋಡಿ, "ಛಲೋ ಕಾಣ್ತೀಯವಾ. ನನಗ ಮಾತ್ರ ಮತ್ತೊಂದು ತಗದಿಡೂ ಕೆಲಸ ಬಂತು" ಎಂದಳು.

"ನೀ ಮೊದಲ ಹೋದ್ರ?"

"ಹೋದ್ರ ನೀ ತಾ. ನಿನಗೇನು, ಮನ್ಯಾಗ ಮಗ್ಗ ಐತಿ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮುಂಗೈ ನೋಡಿಕೊಂಡೆ, ಅಕ್ಕನ ಬೆರಳುಗಳ ಗುರುತು ಇನ್ನೂ ಕೆಂಪಗಿತ್ತು.

ಅಕ್ಷತಾ ಬಾಗಿಲ ಹತ್ತಿರ ನಿಂತು, "ಆಯಿ, ಒಂದ ಫೋಟೋ ತಗೀಲೇನು?" ಎಂದು ಕೇಳಿದಳು. ತೆಗೆಯುವ ಮೊದಲು ನನ್ನನ್ನು ಕೇಳಿದ್ದು ಅದೇ ಮೊದಲ ಸಲ. ತೆಗಿ ಎಂದೆ. ಕೈ ಎಲ್ಲಿಡಬೇಕೆಂಬ ಚಿಂತೆ ಬರಲಿಲ್ಲ, ಒಂದು ಕೈಯನ್ನು ಅಕ್ಕ ಮತ್ತೆ ಹಿಡಿದುಕೊಂಡಿದ್ದಳು. ಫೋಟೋದಲ್ಲಿ ಇಬ್ಬರ ಕಣ್ಣೂ ಮುಚ್ಚಿವೆ, ಬಾಯಿ ತೆರೆದಿವೆ. ಏನು ಬರೆಯಲಿ ಎಂದು ಅಕ್ಷತಾ ಕೇಳಿದಳು.

"ಇಬ್ಬರೂ ಅದೀವಿ ಅಂತ ಬರಿ" ಎಂದಳು ಅಕ್ಕ. "ಮತ್ತೇನೂ ಹಚ್ಚಬ್ಯಾಡ ಅದಕ್ಕ."

ಆಮೇಲೆ ನಿಮ್ಮ ಫೋಟೋಗಳನ್ನು ನಾನು ಬೇರೆ ರೀತಿ ನೋಡತೊಡಗಿದ್ದೇನೆ. ಗುಡ್ಡ ಯಾವುದು, ಉಪ್ಪಿಟ್ಟು ಎಂಥದು ಎಂದು ನೋಡುವುದಿಲ್ಲ. ನೀವು ಕೆಳಗೆ ಏನೇ ಬರೆದಿರಲಿ, ನನಗೆ ಅದು ಅಕ್ಕ ಬರೆಸಿದ ಹಾಗೆ "ಅದೀವಿ" ಎಂದೇ ಓದಲು ಬರುತ್ತದೆ. ಓದಿ, ಮೊಬೈಲು ಪಕ್ಕಕ್ಕಿಟ್ಟು, ನಿಶ್ಚಿಂತೆಯಿಂದ ಕಂಡಿಕೆ ಸುತ್ತುತ್ತೇನೆ. ಆದ್ದರಿಂದ ಹಾಕುತ್ತ ಇರಿ. ಬಹಳ ದಿನ ಏನೂ ಹಾಕದೆ ಸುಮ್ಮನಾದಿರೋ, ನಾವು ಅಕ್ಕತಂಗಿಯರು ನಿಮ್ಮ ಮುಖ ನೋಡಲು ಬಸ್ಸು ಹತ್ತುತ್ತೇವೆ. ಹೆದರಬೇಡಿ, ಬರುವಾಗ ಹಣ್ಣು ತರುತ್ತೇವೆ.