ಡ್ಯೂಟಿ ಇಲ್ಲದ ದಿನದ ಗುಳಿಗೆ

ಗೋಕಾಕದಿಂದ ಹುಕ್ಕೇರಿಗೆ ಬೆಳಿಗ್ಗೆ ಆರೂವರೆಗೆ ಹೊರಡುವ ಬಸ್ಸಿಗೆ ಶೋಭಾ ಹನ್ನೊಂದು ವರ್ಷದಿಂದ ಕಂಡಕ್ಟರ್. ಸಕ್ಕರೆ ಕಾಯಿಲೆ ಅಂಟಿಕೊಂಡು ನಾಲ್ಕು ವರ್ಷ. ದವಾಖಾನೆಯಲ್ಲಿ ಗುಳಿಗೆ ಕೊಟ್ಟ ಮೊದಲ ವಾರ ಹೇಳಿದಂತೆಯೇ ನುಂಗಿದಳು. ಎಂಟನೆಯ ದಿನ ದಾರಿಯ ಮಧ್ಯೆ ಹೊಟ್ಟೆ ಕೆಟ್ಟಿತು. ಬಸ್ಸು ನಿಲ್ಲಿಸಿ, ಕೊರಳಲ್ಲಿ ಟಿಕೆಟ್ ಚೀಲ ಇರುವಂತೆಯೇ ಕಬ್ಬಿನ ಹೊಲಕ್ಕೆ ಓಡಿದಳು. ತಿರುಗಿ ಬಂದಾಗ ಅರವತ್ತು ಜನ ಸುಮ್ಮನೆ ಕೂತಿದ್ದರು. ‘ರೈಟ್’ ಎಂದಳು, ಬಸ್ಸು ಹೊರಟಿತು.

ಅಂದಿನಿಂದ ಡ್ಯೂಟಿಯ ದಿನ ಗುಳಿಗೆ ಮುಟ್ಟಲಿಲ್ಲ. ನೀರನ್ನೂ ಕುಡಿಯುತ್ತಿರಲಿಲ್ಲ. ವಾರದ ರಜೆಗೆ ಮಾತ್ರ ಒಂದು ನುಂಗುತ್ತಿದ್ದಳು. ಅದರ ಬಗ್ಗೆ ಆಕೆಗೆ ಹೆದರಿಕೆಯೂ ಇರಲಿಲ್ಲ, ಬೇಸರವೂ ಇರಲಿಲ್ಲ.

ಡಾಕ್ಟರು ರಕ್ತದ ರಿಪೋರ್ಟ್ ನೋಡಿ ಕೇಳುತ್ತಿದ್ದರು: “ಗುಳಿಗಿ ದಿನಾ ತಗೋತೀರಿಲ್ರಿ?”

“ಹೂಂ ರಿ.”

ತೆರೆದ ಬಾಗಿಲಲ್ಲೇ ಪಾಳಿ ಹಚ್ಚಿ ನಿಂತ ಮೂವತ್ತು ಜನ. ಕಬ್ಬಿನ ಹೊಲದ ಮಾತನ್ನು ಅವರ ಮುಂದೆ ತೆಗೆಯಲು ಬಾಯಿ ಬರಲಿಲ್ಲ.

“ಹಂಗಾದ್ರ ಡೋಸ್ ಸಾಲವಲ್ದು,” ಎಂದು ಅವರು ಹೆಚ್ಚು ಬರೆದರು. ಹೀಗೆ ಮೂರು ಸಲ.

ಒಂದು ದಿನ ತುಂಬಿದ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದಾಗ ಒಬ್ಬ ಮುದುಕಿ ಆಕೆಯ ಸೆರಗು ಎಳೆದಳು. “ಯವ್ವಾ, ನಿನ್ನ ಎಡಗಾಲಾಗ ಚಪ್ಪಲಿ ಇಲ್ಲ ನೋಡ.” ಶೋಭಾ ಕೆಳಗೆ ನೋಡಿದಳು. ಬರಿಗಾಲು, ಹೆಬ್ಬೆರಳಿಂದ ರಕ್ತ. ಎಲ್ಲಿ ಕಳಚಿತೋ, ಯಾರು ತುಳಿದರೋ ತಿಳಿಯದು. ಯಾರದೋ ಕಾಲು ನೋಡಿದಂತಿತ್ತು.

ಸಕ್ಕರೆ ಕಾಲಿಗೆ ಇಳಿದಿದೆ ಎನಿಸಿ ಮರುದಿನ ರಜೆ ಹಾಕಿ, ಚೀಟಿಯಲ್ಲಿ ಬರೆದಷ್ಟೂ ಗುಳಿಗೆ ನುಂಗಿದಳು. ಅರ್ಧ ರೊಟ್ಟಿಗಿಂತ ಹೆಚ್ಚು ಸೇರಲಿಲ್ಲ. ಹನ್ನೊಂದರ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ. ಸಕ್ಕರೆ ತೀರಾ ಇಳಿದಿದೆ ಎಂದು ಗಂಡ ಬಾಳೇಶ ಸಕ್ಕರೆ ನೀರು ಕುಡಿಸಿ, ಸ್ವಲ್ಪ ಚೇತರಿಸಿಕೊಂಡ ಮೇಲೆ ಬೈಕಿನಲ್ಲಿ ದವಾಖಾನೆಗೆ ಕರೆದೊಯ್ದ.

ಅಲ್ಲಿಗೆ ಹೊಸದಾಗಿ ಬಂದಿದ್ದ ನರ್ಸ್ ಅರ್ಚನಾ ಮಂಚದ ಬಾಜೂ ಕೂತಳು.

“ಅಕ್ಕಾರ, ಹ್ವಾದ ವಾರ ಎಷ್ಟ ದಿನ ತಗೊಂಡ್ರಿ? ಖರೆ ಹೇಳ್ರಿ, ನಾ ಬೈಯಂಗಿಲ್ಲ.”

“ಒಂದ ದಿನ.”

“ಉಳದ ದಿನ?”

“ಬಸ್ಸಿನ್ಯಾಗ ಇದ್ನಿ. ಅದನ್ನ ತಗೊಂಡ್ರ ಹೊಟ್ಟಿ ಕೆಡ್ತೈತಿ. ನಾ ಎಲ್ಲಿ ಹೋಗ್ಲಿ?”

ನಾಲ್ಕು ವರ್ಷದ ಮಾತು ಅಷ್ಟೇ ಆಗಿತ್ತು. ಹೇಳಿದ ಮೇಲೆ ಹಗುರವೇನೂ ಆಗಲಿಲ್ಲ.

ಅರ್ಚನಾ ಒಳಗೆ ಹೋಗಿ ಡಾಕ್ಟರಿಗೆ ತಿಳಿಸಿದಳು. ಅವರು ಹಳೆಯ ಚೀಟಿ ಹರಿದು, ಡೋಸ್ ಇಳಿಸಿ, ಹೊಟ್ಟೆ ಕೆಡಿಸದ ಬೇರೆ ಗುಳಿಗೆಯನ್ನು ರಾತ್ರಿ ಊಟದ ಜೊತೆಗೆ ಬರೆದರು. “ಮೊದಲ ಹೇಳಬೇಕಿತ್ತಲ್ರಿ,” ಎಂದರು. ಶೋಭಾ ಹೊಸ ಚೀಟಿ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಈಗ ಹೆಚ್ಚುಕಡಿಮೆ ದಿನವೂ ನುಂಗುತ್ತಾಳೆ. ಸಕ್ಕರೆ ಇಳಿದಿದೆ. ಕಾಲಿನ ಜೋಮು ಮಾತ್ರ ಹೋಗಿಲ್ಲ. ಹೋಗುತ್ತದೆಂದು ಯಾರೂ ಹೇಳಿಲ್ಲ. ಸಂಜೆ ಆಕೆ ಡ್ಯೂಟಿ ಮುಗಿಸಿ ಬಂದರೆ ಬಾಳೇಶ ಅಂಗಾಲು ತಿರುವಿ ಗಾಯವಿದೆಯೇ ನೋಡುತ್ತಾನೆ, ಹೆಬ್ಬೆರಳಿಂದ ಒತ್ತುತ್ತಾನೆ.

“ಗೊತ್ತಾಗ್ತೈತೇನ?”

“ಇಲ್ರಿ,” ಎನ್ನುತ್ತಾಳೆ ಶೋಭಾ, ಟಿವಿಯಿಂದ ಕಣ್ಣು ತೆಗೆಯದೆ.